ಮರಿಲಿಂಗ ಕೂಡಿಸಿದ ಜಪಾನ್ ಬಟ್ಟಲುಗಳು

"ಅದರಾಗ ನಮ್ಮ ಕೋಳಿ ನೀರು ಕುಡಿತಾವ. ಒಯ್ದು ಏನ್ ಪೂಜಿ ಮಾಡಾಂವ ನೀ?"

ಶಹಾಪುರದ ಬಳೆಗಾರ್ತಿ ಚಮನಬೀ ಹೀಗೆ ಕೇಳಿದಾಗ ಮರಿಲಿಂಗ ಅವಳ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಆ ಬಟ್ಟಲನ್ನು ತಿರುವಿ ನೋಡುತ್ತಿದ್ದ. ಕೋಳಿ ಹಿಕ್ಕೆ ಮೆತ್ತಿ ಒಣಗಿತ್ತು. ಉಗುಳು ಹಚ್ಚಿ ಹೆಬ್ಬೆರಳಿನಿಂದ ತಿಕ್ಕಿದ. ಒಳಗಿನಿಂದ ಬಿಳಿ ಪಿಂಗಾಣಿ ಹೊರಬಿತ್ತು. ಮೈಮೇಲೆ ನೀಲಿ ಬಿದಿರೆಲೆ, ತಳದಲ್ಲಿ ಕೆಂಪು ಜಪಾನಿ ಅಕ್ಷರ. ಹಿಡಿ ಇಲ್ಲ. ಮುರಿದು ಬಿದ್ದದ್ದಲ್ಲ, ಹುಟ್ಟುವಾಗಲೇ ಇರಲಿಲ್ಲ.

"ಪೂಜಿ ಅಲ್ಲ ಚಮನಮ್ಮಾ. ಸಾಕ್ಷಿ."

"ಯಾರ ಮ್ಯಾಲ ಕೇಸ್ ಹಾಕ್ತಿ?"

"ಯಾರ ಮ್ಯಾಲೂ ಇಲ್ಲ. ಇತ್ತು ಅಂತ ಒಪ್ಪಿದ್ರ ಸಾಕು."

"ಒಪ್ಪತಾರ, ಒಪ್ಪತಾರ. ನೀ ಕಾಯ್ಕೋತ ಕೂಡು," ಎಂದು ಚಮನಬೀ ನಕ್ಕಳು. "ರಂಗಂಪೇಟಿ ಭೀಮಾಬಾಯಿ ಕೊಟ್ಟಿದ್ಲಪ್ಪ ಇದನ್ನ, ಬಳಿಗೆ ಬದಲಿ. ಒಳ್ಳೆ ಮಾಲಂತ ತಂದೆ. ಚಾ ಹಾಕಿದ್ರ ಬಟ್ಟು ಸುಡ್ತಾವ. ಯಾವ ಹುಚ್ಚ ಮಾಡ್ಯಾನೋ ಏನೋ. ಒಯ್ಯಿ, ಆದ್ರ ನನ್ನ ಕೋಳಿಗೆ ಏನಾರ ಕೊಟ್ಟು ಒಯ್ಯಿ."

ಮರಿಲಿಂಗ ಚೀಲದಿಂದ ಹೊಸ ಸ್ಟೀಲ್ ಬಟ್ಟಲು ತೆಗೆದು ಕೊಟ್ಟ. ಅವನ ಕೆಲಸದ ರೀತಿ ಅದೇ. ಸ್ಟೀಲು ಕೊಡುವುದು, ಪಿಂಗಾಣಿ ತರುವುದು. ನಾರಾಯಣಪುರದಲ್ಲಿ ಕಾಲುವೆ ಗೇಟು ಎತ್ತಿ ಇಳಿಸುವ ನೌಕರಿ ಮಾಡಿ ನಿವೃತ್ತನಾದವನು. ನಿವೃತ್ತರಾದ ಮಂದಿ ಕಟ್ಟೆ ಹಿಡಿಯುತ್ತಾರೆ, ಇಲ್ಲವೇ ದವಾಖಾನೆ ಹಿಡಿಯುತ್ತಾರೆ. ಇವನು ಚೀಲ ಹಿಡಿದ. ಸುರಪುರ, ಶಹಾಪುರ, ಯಾದಗಿರಿಯ ಹಳೆ ಓಣಿಗಳಲ್ಲಿ ಬಾಗಿಲು ಬಾಗಿಲಿಗೆ ನಿಂತು "ಹಿಡಿ ಇಲ್ಲದ ಜಪಾನ್ ಬಟ್ಟಲ ಅವ ಏನ್ರಿ?" ಎಂದು ಕೇಳುತ್ತಿದ್ದ. ಒಂದು ಮನೆಯಲ್ಲಿ ಅದರಲ್ಲಿ ಕುಂಕುಮ ಇಟ್ಟಿದ್ದರು. ಒಂದು ಕಡೆ ಉಪ್ಪಿನಕಾಯಿ ಭರಣಿಗೆ ಮುಚ್ಚಳ ಮಾಡಿದ್ದರು. ಯಾದಗಿರಿಯ ಸ್ಟೇಷನ್ ಏರಿಯಾದ ಒಬ್ಬ ಕ್ಷೌರದವನು ಸೋಪಿನ ನೊರೆ ಕಲಸುತ್ತಿದ್ದ. ಎಲ್ಲರೂ ಖುಷಿಯಿಂದಲೇ ಕೊಟ್ಟರು. ಹುಚ್ಚನಿಗೆ ಕೊಡುವಾಗ ಯಾರೂ ಹೆಚ್ಚು ಪ್ರಶ್ನೆ ಕೇಳುವುದಿಲ್ಲ.

ಈ ಬಟ್ಟಲುಗಳ ಕತೆ ಇಷ್ಟು. ನಿಜಾಮನ ಕಾಲದಲ್ಲಿ ರಂಗಂಪೇಟೆಯ ಸಂತೆ ಬಯಲಿನ ಎದುರು ಒಬ್ಬ ಸಾವುಕಾರ ಚಹಾದ ಹೋಟೆಲು ಇಟ್ಟ. ಹೈದರಾಬಾದಿಗೆ ಹೋದವನು ಜಪಾನಿನ ಕಪ್ಪು-ಬಸಿ ಅಂದುಕೊಂಡು ಹುಲ್ಲು ತುಂಬಿದ ಕಟ್ಟಿಗೆ ಪೆಟ್ಟಿಗೆಗಳನ್ನು ಹೊತ್ತು ತಂದ. ಬಿಚ್ಚಿ ನೋಡಿದರೆ ಬಸಿಯೂ ಇಲ್ಲ, ಹಿಡಿಯೂ ಇಲ್ಲ. ನಮ್ಮ ಕಡೆ ಚಹಾ ಕುಡಿಯುವುದೆಂದರೆ ಬಸಿಗೆ ಸುರಿದು, ಊದಿ, ಸುರ್ ಅಂತ ಎಳೆಯುವುದು. ಬೆಂಚಿನ ಮೇಲೆ ಕೂತ ಗಿರಾಕಿಗಳು ಬೆರಳು ಸುಟ್ಟುಕೊಂಡು ಸಾವುಕಾರನ ತಾಯಿಯನ್ನು ನೆನೆದರು. ಹೈದರಾಬಾದಿನ ವ್ಯಾಪಾರಿ ತನಗೆ ಖೋಟಾ ಮಾಲು ದಾಟಿಸಿದ ಎಂದುಕೊಂಡು ಸಾವುಕಾರ ಆ ಬಟ್ಟಲುಗಳನ್ನು ಹೊರಗಿನ ಗೂಡಿಗೆ ಹಾಕಿದ.

ಹೊರಗಿನ ಗೂಡು ಎಂದರೆ ನಮ್ಮ ಮಂದಿಗೆ. ಹೋಟೆಲಿನ ಬೀದಿ ಬದಿಯ ಗೋಡೆಯಲ್ಲಿ, ಗಟಾರದ ಪಕ್ಕ, ಎರಡು ಗೂಡು. ನಮ್ಮವರು ಬಂದು ಬಟ್ಟಲು ತೆಗೆದು ಕಟ್ಟೆಯ ಅಂಚಿಗಿಟ್ಟು ಹಿಂದೆ ಸರಿಯಬೇಕು. ಒಳಗಿನಿಂದ ಎತ್ತರದಿಂದಲೇ ಚಹಾ ಸುರಿಯುತ್ತಾರೆ. ಗಟಾರದ ಪಕ್ಕ ಕೂತು ಕುಡಿದು, ತೊಳೆದು, ಬೋರಲು ಹಾಕಿ ಹೋಗಬೇಕು. ಹೀಗಾಗಿ ಊರಿನ ಗೌಡ ಕುಲಕರ್ಣಿಗಳು ದಪ್ಪ ದೇಸಿ ಕಪ್ಪಿನಲ್ಲಿ ಕುಡಿಯುತ್ತಿದ್ದಾಗ, ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣುವಂಥ ಜಪಾನ್ ಪಿಂಗಾಣಿಯಲ್ಲಿ ಕುಡಿಯುತ್ತಿದ್ದವರು ಹೊಲಗೇರಿ ಮತ್ತು ಮಾದರ ಓಣಿಯವರು. ಅದು ನಮಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಗೂಡು ಎರಡು ಯಾಕೆ ಅಂದರೆ, ಮೇಲಿನದು ಹೊಲಗೇರಿಯದು, ಕೆಳಗಿನದು ಮಾದರ ಓಣಿಯದು. ಅದನ್ನು ಸಾವುಕಾರ ಮಾಡಿದ್ದಲ್ಲ, ನಮ್ಮ ಹಿರಿಯರೇ ಕೇಳಿ ಮಾಡಿಸಿಕೊಂಡದ್ದು. ಮರಿಲಿಂಗನ ಅಪ್ಪ ಗುರಪ್ಪ ಸಂತೆಯಲ್ಲಿ ಹಮಾಲ. ಮೂಟೆ ಹೊತ್ತು ಹೊತ್ತು ಅಂಗೈ ಎಮ್ಮೆ ಚರ್ಮದ ಹಾಗಾಗಿತ್ತು, ಬಿಸಿ ಬಟ್ಟಲು ಹಿಡಿದರೆ ಸುಡುತ್ತಿರಲಿಲ್ಲ. ಅವನು ತನ್ನ ಬಟ್ಟಲಿನ ತಳದ ಒರಟು ಅಂಚಿನಲ್ಲಿ ಮೊಳೆಯಿಂದ ತಿಕ್ಕಿ ತಿಕ್ಕಿ ಒಂದು ಅಡ್ಡಗೀರು ಎಳೆದಿದ್ದ. ಮಾದರ ಓಣಿಯವನ ತುಟಿ ತಪ್ಪಿಯೂ ಅದಕ್ಕೆ ತಾಗಬಾರದು ಎಂದು. ಮೇಲಿನ ಗೂಡಿನ ಬಟ್ಟಲುಗಳಲ್ಲಿ ಇಂಥ ಗೀರುಗಳು ಬಹಳ ಇದ್ದವು. ಇದನ್ನು ನಮ್ಮ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ.

ಎಂಬತ್ತರ ದಶಕದಲ್ಲಿ ನಾವು ದಲಿತ ಸಂಘದವರು ಆ ಹೋಟೆಲಿನ ಬೆಂಚಿನ ಮೇಲೆ ಹೋಗಿ ಕೂತು ಕಪ್ಪು ಬಸಿಯಲ್ಲಿ ಚಹಾ ಕೇಳಿದೆವು. ಕೊಡಲಿಲ್ಲ. ಹೊರಗೆ ಬಂದು ಗೂಡಿನ ಬಟ್ಟಲುಗಳನ್ನು ತೆಗೆದು ರಸ್ತೆಗೆ ಬಡಿದೆವು. ಲಾಠಿ ಬಿತ್ತು, ಮೂರು ಮಂದಿಗೆ ತಲೆ ಒಡೆಯಿತು, ಕೊನೆಗೆ ಹೋಟೆಲು ಮುಚ್ಚಿತು. ಬಟ್ಟಲು ಒಡೆದದ್ದು ಸರಿಯಾದ ಕೆಲಸ. ಮರಿಲಿಂಗನೂ ನಾಲ್ಕಾರು ಒಡೆದ. ಅಪ್ಪನ ಗೀರಿನ ಬಟ್ಟಲು ಕೈಗೆ ಬಂದಾಗ ಮಾತ್ರ ಅಂಗಿಯೊಳಗೆ ಹಾಕಿಕೊಂಡ. ಯಾಕೋ ಎಂದು ಆಮೇಲೆ ಕೇಳಿದರೆ, "ಕೈ ಏಳಲಿಲ್ಲ" ಎಂದಷ್ಟೇ ಹೇಳಿದ.

ಗೂಡಿನಲ್ಲಿದ್ದವು ಅವತ್ತು ಹೋದವು. ಕಡಿಮೆ ಬಿದ್ದಾಗ ಹೊರಗಿಡಲೆಂದು ಹೋಟೆಲಿನ ಅಟ್ಟದ ಮೇಲೆ ಇನ್ನಷ್ಟು ಇದ್ದವು, ಒಂದಷ್ಟು ಗೂಡಿನಲ್ಲಿದ್ದು ಒಳಗೆ ಹೋದವೂ ಇದ್ದವು. ಸಾವುಕಾರನ ಸೊಸೆ ಭೀಮಾಬಾಯಿ ಅವನ್ನು ಬಳೆಗೆ, ಬುಟ್ಟಿಗೆ, ಕೂಲಿಗೆ ಬದಲಿ ಕೊಟ್ಟು ಖಾಲಿ ಮಾಡಿದಳು. ಹಾಗೆ ಅವು ಮೂರು ಊರಿಗೆ ಹರಡಿದವು.

ಮರಿಲಿಂಗ ಚೀಲ ಹಿಡಿಯಲು ಕಾರಣ ಅವನ ಮಗಳು ಯಶೋಧರಾ. ಅವಳು ರಂಗಂಪೇಟೆಯ ಒಂದು ಶಾಲೆಯಲ್ಲಿ ಟೀಚರು. ಶಾಲೆಯ ಸಮಾರಂಭಕ್ಕೆ ಭೀಮಾಬಾಯಿಯ ಮಗ ಸಂಗಮನಾಥ ಮುಖ್ಯ ಅತಿಥಿಯಾಗಿ ಬಂದಿದ್ದ. ಈಗ ಹೋಟೆಲಿಲ್ಲ, ಅದೇ ಜಾಗದಲ್ಲಿ ದೊಡ್ಡ ಬಟ್ಟೆ ಅಂಗಡಿ. ಮೈಕು ಹಿಡಿದು, "ನಮ್ಮ ಮುತ್ಯಾನ ಹೋಟೆಲಿನಲ್ಲಿ ಎಲ್ಲ ಜಾತಿಯವರೂ ಒಂದೇ ಕಪ್ಪಿನಲ್ಲಿ ಚಹಾ ಕುಡಿಯುತ್ತಿದ್ದರು, ಈ ಊರಲ್ಲಿ ಭೇದ ಎಂಬುದೇ ಇರಲಿಲ್ಲ" ಎಂದ. ಮಕ್ಕಳು ಚಪ್ಪಾಳೆ ಹೊಡೆದರು. ಯಶೋಧರಾ ಮನೆಗೆ ಬಂದು ಹೇಳಿದಳು.

"ಸುಳ್ಳು ಅಂತ ಎದ್ದು ಹೇಳಬೇಕಿಲ್ಲ?" ಎಂದ ಮರಿಲಿಂಗ.

"ಏನ್ ತೋರಿಸಿ ಹೇಳ್ಲಪ್ಪಾ? ಹೋಟ್ಲ ಇಲ್ಲ, ಗೂಡಿಲ್ಲ. ಕುಡಿದಾವ್ರೊಳಗ ಬಾಳ ಮಂದಿ ಸತ್ತಾರ, ಸುರಿದಾವ್ರು ಹೇಳಂಗಿಲ್ಲ. ನೀವs ಒಡೆದ್ರಿ ಎಲ್ಲಾ."

ಅಂದಿನಿಂದ ಅವನಿಗೆ ಒಂದೇ ಹಂಬಲ. ಉಳಿದ ಬಟ್ಟಲುಗಳನ್ನು ಕೂಡಿಸಬೇಕು, ನಾಲ್ಕು ಮಂದಿ ಬಂದು ಹೋಗುವ ಕಡೆ ಸಾಲಾಗಿ ಇಡಬೇಕು, ಇವು ಏನು, ಯಾರಿಗೆ ಇಟ್ಟಿದ್ದವು ಎಂದು ಕೆಳಗೆ ಬರೆಸಬೇಕು. ಗೊತ್ತಿದ್ದ ಮುದುಕರು ಸಾಯುವುದರೊಳಗೆ.

ಹೆಂಡತಿ ಅಯ್ಯಮ್ಮ ಅವನ್ನು ಮನೆಯೊಳಗೆ ಬಿಡಲಿಲ್ಲ. ಆಡಿನ ಗುಡಿಸಲಲ್ಲಿ ಒಂದು ತಗಡಿನ ಟ್ರಂಕಿನಲ್ಲಿ, ಹಳೆ ಸೀರೆ ಸುತ್ತಿ ಇಟ್ಟಿದ್ದ.

"ಊರಾಗಿನ ಗಂಡಸ್ರು ಮುದುಕರಾದ ಮ್ಯಾಲ ದೇವರನ ಕೂಡಸ್ತಾರ. ನೀ ಅವಮಾನಾ ಕೂಡಸಾಕತ್ತಿ," ಎನ್ನುತ್ತಿದ್ದಳು.

"ನಿನಗ ತಿಳಿಯಂಗಿಲ್ಲ ಬಿಡು."

"ನನಗ ತಿಳಿಯಂಗಿಲ್ಲ? ಬಸರಿದ್ದಾಗ ಆ ಗಟಾರದ ದಂಡ್ಯಾಗ ಕೂತು ಕುಡದೀನಿ ನಾ. ಆ ವಾಸನಿ ಇನ್ನೂ ಮೂಗಿನಾಗ ಅದ."

ಒಂದು ದಿನ ಯಶೋಧರಾ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಜಪಾನಿನಲ್ಲಿ ಇಂಥದ್ದೇ ಬಟ್ಟಲು. ಮೊಣಕಾಲೂರಿ ಕೂತ ಹೆಂಗಸು ತಲೆ ಬಾಗಿಸಿ ಅತಿಥಿಯ ಮುಂದಿಡುತ್ತಾಳೆ. ಅತಿಥಿ ಎರಡೂ ಕೈಯಲ್ಲಿ ಎತ್ತುತ್ತಾನೆ.

"ನೋಡಪ್ಪಾ, ಎರಡೂ ಕೈಯಾಗ ಹಿಡಿಯೋದು ಅಲ್ಲಿ ಮರ್ಯಾದಿ ಅಂತ. ಅದಕ್ಕs ಹಿಡಿ ಇಟ್ಟಿಲ್ಲ."

ಮರಿಲಿಂಗ ಅದನ್ನು ಎರಡು ಸಲ ನೋಡಿದ. "ನಾವೂ ಎರಡೂ ಕೈಯಾಗs ಹಿಡಿತಿದ್ವಿ. ಒಂದು ಕೈಯಾಗ ಹಿಡಿದ್ರ ಮಗನಿಗೆ ಸೊಕ್ಕು ಬಂದದ ಅಂತಿದ್ರು," ಎಂದು ಮೊಬೈಲು ವಾಪಸ್ಸು ಕೊಟ್ಟ.

ಮೊದಲು ಅವನು ಹೋದದ್ದು ನಮ್ಮದೇ ಬುದ್ಧವಿಹಾರಕ್ಕೆ. ಅದರ ಕಮಿಟಿ ಅಧ್ಯಕ್ಷ ಅರುಣಕುಮಾರ, ಕಾಲೇಜಿನ ಲೆಕ್ಚರರು, ಒಳ್ಳೆ ಹುಡುಗ. ವಿಹಾರದ ಹಾಲ್‌ನಲ್ಲಿ ಒಂದು ಗಾಜಿನ ಬೀರು ಖಾಲಿ ಇತ್ತು. ಅರುಣಕುಮಾರ ಬಟ್ಟಲುಗಳನ್ನು ಕಂಡು ಮೊದಲು ಹಿಗ್ಗಿದ. ಆಮೇಲೆ ತಳ ತಿರುವಿದ.

"ಕಾಕಾ, ಈ ಗೀರು ಏನು?"

ಮರಿಲಿಂಗ ಇದ್ದದ್ದು ಇದ್ದ ಹಾಗೆ ಹೇಳಿದ. ಅರುಣಕುಮಾರ ಬಟ್ಟಲನ್ನು ಮೆಲ್ಲಗೆ ಟೇಬಲ್ಲಿಗಿಟ್ಟ.

"ಇದನ್ನ ಇಲ್ಲಿ ಇಡಾಕ ಆಗಂಗಿಲ್ಲ ಕಾಕಾ. ಒಳಮೀಸಲಾತಿ ಜಗಳ ಈಗs ಹೊತ್ತಿ ಉರಿಯಾಕತ್ತದ. ಎರಡೂ ಓಣಿಯವ್ರು ವಿಹಾರಕ್ಕ ಬರೋದs ಕಷ್ಟ ಆಗ್ಯಾದ. ಇದನ್ನ ನೋಡಿದ್ರ ಬರೋ ನಾಕು ಮಂದಿನೂ ಬರಂಗಿಲ್ಲ."

"ಗೀರು ಇದ್ದದ್ದು ಖರೇನೋ ಸುಳ್ಳೋ?"

"ಖರೇ ಅದ. ಗೀರು ಇಲ್ಲದ್ದು ಅಷ್ಟು ಆರಿಸಿ ಕೊಡ್ರಿ, ಇಡ್ತೀನಿ."

"ಹಂಗಾರ ಅರ್ಧಾ ಸುಳ್ಳು ಹೇಳಂತಿ. ಸಂಗಮನಾಥಂದು ಪೂರಾ ಸುಳ್ಳು, ನಿಂದು ಅರ್ಧಾ. ಅಷ್ಟs ಫರಕು."

ಮರಿಲಿಂಗ ಬಟ್ಟಲುಗಳನ್ನು ಮತ್ತೆ ಸೀರೆಯಲ್ಲಿ ಸುತ್ತಿದ. ಗೀರಿನವನ್ನು ಬಿಟ್ಟು ಉಳಿದವನ್ನು ಕೊಡಬಹುದಾಗಿತ್ತು. ಕೊಡಲಿಲ್ಲ. ಅಪ್ಪನ ಬಟ್ಟಲೇ ಆ ಗೀರಿನದು.

ಎರಡು ವರ್ಷ ಟ್ರಂಕು ಆಡಿನ ಗುಡಿಸಲಲ್ಲೇ ಉಳಿಯಿತು. ಶಾಲೆಯವರು ನೋಡೋಣ ಎಂದರು. ಲೈಬ್ರರಿಯವರು ಮೇಲಿನವರನ್ನು ಕೇಳಬೇಕು ಎಂದರು. ಹೀಗಿರುವಾಗ ಸಂಗಮನಾಥನೇ ಸ್ಕೂಟರಿನಲ್ಲಿ ಮನೆ ಬಾಗಿಲಿಗೆ ಬಂದ. ವ್ಯಾಪಾರಸ್ಥರೆಲ್ಲ ಸೇರಿ ರಂಗಂಪೇಟೆಯ ಕಲ್ಯಾಣ ಮಂಟಪದಲ್ಲಿ ಊರಿನ ಹಳೆ ವಸ್ತುಗಳ ಪ್ರದರ್ಶನ ಇಡುವವರಿದ್ದರು.

"ಮರಿಲಿಂಗಪ್ಪನವರ, ನಿಮ್ಮ ಜಪಾನ್ ಬಟ್ಟಲ ಇಲ್ಲದಿದ್ರ ನಮ್ಮ ಪ್ರದರ್ಶನ ಸಪ್ಪಗ ಆಗ್ತದ್ರಿ."

"ಕೊಡ್ತೀನ್ರಿ ಸಾವ್ಕಾರ್ರ. ಕೆಳಗ ನಾ ಹೇಳಿದ್ದು ಬರಸಬೇಕು. ಹೋಟ್ಲದ ಹೊರಗ, ಗೂಡಿನಾಗ, ನಮ್ಮ ಮಂದಿಗೆ ಬ್ಯಾರೆ ಇಟ್ಟಿದ್ದ ಬಟ್ಟಲ ಅಂತ."

ಸಂಗಮನಾಥ ಕಣ್ಣು ಮಿಟುಕಿಸಲಿಲ್ಲ. "ಬರಸ್ತೀವಲ್ರಿ. ಅದರಾಗೇನದ?"

ಅವನು ಹೋದ ಮೇಲೆ ಅಯ್ಯಮ್ಮ ಬಾಗಿಲಲ್ಲೇ ನಿಂತಿದ್ದಳು. "ಗೂಡು ಇಟ್ಟಾಂವನ ಮೊಮ್ಮಗನ ಕೈಯಾಗs ಕೊಟ್ಟೆಲ್ಲ. ನಿನ್ನ ಬುದ್ಧಿಗೆ ಆಡಿನ ಹಿಕ್ಕಿ ಹಾಕ."

"ಮತ್ಯಾರು ಇಟ್ಕೊಳ್ಳಾಕ ತಯಾರ್ ಅದಾರ ಹೇಳು," ಎಂದ ಮರಿಲಿಂಗ.

ಪ್ರದರ್ಶನದ ದಿನ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ಕೆಂಪು ಮಖಮಲ್ಲಿನ ಮೇಲೆ ಬಟ್ಟಲುಗಳು ಸಾಲಾಗಿ ಕೂತಿದ್ದವು, ತೊಳೆದು ಒರೆಸಿ, ಮೇಲೆ ದೀಪ ಬಿಟ್ಟು. ಕೆಳಗಿನ ಹಲಗೆಯಲ್ಲಿ ಹೀಗೆ ಬರೆದಿತ್ತು: "ಜಪಾನಿ ಪಿಂಗಾಣಿ ಚಹಾ ಬಟ್ಟಲುಗಳು. ನಮ್ಮೂರಿನ ಅತಿಥಿ ಸತ್ಕಾರದ ಪರಂಪರೆ."

ಮರಿಲಿಂಗ ಕೂಗಾಡಲಿಲ್ಲ. ಊಟದ ಮನೆಗೆ ಹೋಗಿ ಕೆಟಲಿನಲ್ಲಿ ಕುದಿಯುವ ಚಹಾ ಹಿಡಿದು ಬಂದ. ಅಪ್ಪನ ಬಟ್ಟಲನ್ನು ಮಖಮಲ್ಲಿನಿಂದ ಎತ್ತಿ ತುಂಬ ಸುರಿದ. ಎಲ್ಲರೂ ತಿರುಗಿ ನೋಡಿದರು. ಸಂಗಮನಾಥ, ಅವನ ಹೆಂಡತಿ ಮಲ್ಲೇಶ್ವರಿ, ನಡುವೆ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ ಮುದುಕಿ ಭೀಮಾಬಾಯಿ. ನಮ್ಮ ಕಡೆಯವರೂ ಹತ್ತಾರು ಮಂದಿ ಇದ್ದರು, ಅರುಣಕುಮಾರನೂ ಇದ್ದ.

"ಸಾವ್ಕಾರ್ರ, ಎಲ್ಲಾರೂ ಒಂದೇ ಕಪ್ಪಿನಾಗ ಕುಡಿತಿದ್ರು ಅಂತ ಸಾಲ್ಯಾಗ ಹೇಳಿದ್ರೆಲ್ಲ. ಇದು ನಮ್ಮಪ್ಪ ಗುರಪ್ಪ ಕುಡಿದ ಬಟ್ಟಲ. ನೀವೂ ಕುಡೀರಿ."

ಅವನ ಲೆಕ್ಕಾಚಾರ ಸಂಘದ ಹಳೆ ಲೆಕ್ಕಾಚಾರ. ಮಂದಿಯ ಮುಂದೆ ಒಡ್ಡುವುದು, ಅವರು ಒಲ್ಲೆ ಅನ್ನುವುದು, ಆ ಒಲ್ಲೆ ಎಂಬುದೇ ಸಾಕ್ಷಿಯಾಗುವುದು. ಆ ದಾರಿಯಲ್ಲಿ ನಾವು ಎಷ್ಟೋ ಹೋಟೆಲುಗಳ ಬಾಯಿ ಬಿಡಿಸಿದ್ದೆವು. ಆದರೆ ಅಂದಿನವರ ಮುಂದೆ ಮೊಬೈಲುಗಳು ಇರಲಿಲ್ಲ. ಸಂಗಮನಾಥ ಸುತ್ತ ಎದ್ದು ನಿಂತ ಮೊಬೈಲುಗಳನ್ನು ಒಮ್ಮೆ ನೋಡಿದ. ಎರಡು ಬೆರಳಲ್ಲಿ ಬಟ್ಟಲು ಹಿಡಿದ, ಸುಟ್ಟಿತು, ಎರಡೂ ಕೈಯಲ್ಲಿ ಹಿಡಿದ. ಕೊನೆಯ ಗುಟುಕಿನ ತನಕ ಕುಡಿದ.

"ಏ ಸಂಗಪ್ಪಾ!" ಭೀಮಾಬಾಯಿ ಕುರ್ಚಿಯಿಂದ ಅರ್ಧ ಎದ್ದು ಚೀರಿದಳು. "ಉಗುಳೋ, ಉಗುಳು! ಹೊರಗಿನ ಗೂಡಿಂದು ಅದು! ಹೊಲ್ಯಾರ ಬಟ್ಟಲ! ತಳಾ ನೋಡೋ, ಗೀರು ಅದ ನೋಡು!"

"ಕೇಳಿದ್ರೆಲ್ಲ? ಅವ್ವಾರ ಬಾಯಿಂದ ಕೇಳಿದ್ರೆಲ್ಲ?" ಎಂದು ಮರಿಲಿಂಗ ಸುತ್ತ ತಿರುಗಿ ತಿರುಗಿ ನೋಡಿದ. ಅವನು ಹುಡುಕಿದ್ದು ಸಿಕ್ಕಿತ್ತು. ಸುರಿದ ಮನೆಯವಳ ಬಾಯಿಂದಲೇ, ಎಲ್ಲರ ಎದುರಲ್ಲೇ.

ಯಾರೋ ಒಬ್ಬ ನಕ್ಕ. ಆಮೇಲೆ ಇನ್ನೊಬ್ಬ.

"ನಮ್ಮ ಅತ್ತಿಯವರಿಗೆ ವಯಸ್ಸಾಗ್ಯಾದ್ರಿ," ಎಂದಳು ಮಲ್ಲೇಶ್ವರಿ, ಮುದುಕಿಯ ಭುಜ ಹಿಡಿದು ಕೂರಿಸುತ್ತ. "ಮುಂಜಾನಿ ಉಂಡದ್ದು ಮಧ್ಯಾಹ್ನ ನೆನಪಿರಂಗಿಲ್ಲ. ನನ್ನs ಯಾರು ಅಂತ ಕೇಳ್ತಾರ."

ಸಂಗಮನಾಥ ತುಟಿ ಒರೆಸಿಕೊಂಡು ಮರಿಲಿಂಗನ ಹೆಗಲ ಮೇಲೆ ಕೈ ಹಾಕಿದ. "ನೋಡ್ರಿ, ಇದು ನಮ್ಮೂರು!" ಎಂದ. ಚಪ್ಪಾಳೆ ಬಿತ್ತು. ನಮ್ಮ ಕಡೆಯವರೂ ಹೊಡೆದರು. ಅರುಣಕುಮಾರನೂ ಹೊಡೆದ, ಸ್ವಲ್ಪ ತಡಮಾಡಿ. ಮರುದಿನ ಫೋಟೋ ಪೇಪರಿನಲ್ಲಿ ಬಂತು. ಸಂಗಮನಾಥ ಬಟ್ಟಲು ಎತ್ತಿ ಹಿಡಿದಿದ್ದ. ಪಕ್ಕದಲ್ಲಿ ಮರಿಲಿಂಗ ಬಾಯಿ ತೆರೆದು ನಿಂತಿದ್ದ. ಕೂಗುತ್ತಿದ್ದ ಆ ಬಾಯಿ ಫೋಟೋದಲ್ಲಿ ನಗುವ ಬಾಯಿಯ ಹಾಗೆ ಕಾಣುತ್ತಿತ್ತು.

ಉಳಿದ ಬಟ್ಟಲುಗಳು ವಾಪಸ್ಸು ಬಂದವು. ಗುರಪ್ಪನದು ಬರಲಿಲ್ಲ. ಅದು ಬಟ್ಟೆ ಅಂಗಡಿಯ ಕೌಂಟರಿನ ಹಿಂದೆ ಗಾಜಿನ ಪೆಟ್ಟಿಗೆಯಲ್ಲಿ ಕೂತಿತು, ಪಕ್ಕದಲ್ಲಿ ಪೇಪರಿನ ಫೋಟೋ. ಮರಿಲಿಂಗ ಕೇಳಲು ಹೋದ.

"ಕೂಡ್ರಿ ಮರಿಲಿಂಗಪ್ಪನವರ," ಎಂದ ಸಂಗಮನಾಥ, ಕುರ್ಚಿ ಸರಿಸಿ. "ಅದು ಇಲ್ಲೇ ಇರ್ಲಿ ಬಿಡ್ರಿ. ಎಷ್ಟು ಮಂದಿ ನೋಡ್ತಾರ. ನಿಮಗೂ ಅದs ಬೇಕಾಗಿತ್ತಲ್ಲ?"

"ಅದು ನಮ್ಮಪ್ಪಂದ್ರಿ."

"ಮಾಲು ನಮ್ಮ ಮುತ್ಯಾ ತಂದದ್ದಲ್ರಿ?"

ಪೊಲೀಸರ ಹತ್ತಿರ ಹೋಗೋಣ ಎಂದೆವು. ಹೋಗಿ ಏನೆಂದು ಹೇಳುವುದು? ನಾವೇ ಆ ಹೋಟೆಲಿನಿಂದ ಎತ್ತಿಕೊಂಡು ಹೋದ ಬಟ್ಟಲು ಅವರೇ ಇಟ್ಟುಕೊಂಡಿದ್ದಾರೆ ಎಂದೇ? ಸುಮ್ಮನಾದೆವು. ಭೀಮಾಬಾಯಿ ಆ ಮಳೆಗಾಲದಲ್ಲಿ ಸತ್ತಳು. ಹೊಲಗೇರಿಯಲ್ಲಿ ಅವಳ ಸಾವಿಗೆ ನಿಜವಾಗಿ ಮರುಗಿದವನು ಮರಿಲಿಂಗ ಒಬ್ಬನೇ ಇರಬೇಕು.

"ಸಾಕ್ಷಿ ಸಾಕ್ಷಿ ಅಂತಿದ್ದಿ. ಸಾಕ್ಷಿ ಹೇಳಿದ್ಲಲ್ಲ ಮುದುಕಿ. ಏನಾತು?" ಎಂದು ಅಯ್ಯಮ್ಮ ಕೇಳಿದಳು.

"ಏನೂ ಆಗಲಿಲ್ಲ."

"ಒಗಿ ಮತ್ತ ಉಳಿದವನ್ನ."

ಒಗೆಯಲಿಲ್ಲ. ತೆರೆಯಲೂ ಇಲ್ಲ.

ಮೊನ್ನೆ ಅವನು ಬೋನಾಳಕ್ಕೆ ಹೋಗಿದ್ದ. ಅಯ್ಯಮ್ಮನ ತಮ್ಮ ಲಾಲಪ್ಪ ಅಲ್ಲಿರುತ್ತಾನೆ. ಬೋನಾಳದಲ್ಲಿ ಈಗ ಕೆರೆಯ ಹಕ್ಕಿ ನೋಡಲು ಬರುವವರಿಗೆಂದು ದಾರಿ ಬದಿಯಲ್ಲಿ ಒಂದು ಹೊಸ ಹೋಟೆಲು ಆಗಿದೆ. ಭಾವ ಮೈದುನ ಇಬ್ಬರೂ ಚಹಾ ಕುಡಿಯಲು ಹೋದರು. ಬೆಂಚಿನ ಮೇಲೆಯೇ ಕೂತರು. ಯಾರೂ ಏಳಿ ಎನ್ನಲಿಲ್ಲ.

ಹೋಟೆಲಿನವನು ಹುಡುಗ, ನಗುಮುಖದವನು. "ತಗೋರಿ ಲಾಲಪ್ಪನವರ, ತಗೋರಿ ಕಾಕಾ," ಎಂದು ಇಬ್ಬರ ಮುಂದೆಯೂ ಕಾಗದದ ಕಪ್ಪಿನಲ್ಲಿ ಚಹಾ ಇಟ್ಟ. ಮರಿಲಿಂಗ ಸುತ್ತ ನೋಡಿದ. ಅದೇ ಬೆಂಚಿನ ಆ ತುದಿಯಲ್ಲಿ ಕೂತ ಊರಿನ ಇಬ್ಬರ ಕೈಯಲ್ಲಿ ಗಾಜಿನ ಗ್ಲಾಸಿತ್ತು. ಗಲ್ಲಾದ ಪಕ್ಕ ತೊಳೆದ ಗ್ಲಾಸುಗಳು ಬೋರಲಾಗಿ ಸಾಲು ನಿಂತಿದ್ದವು.

"ತಮ್ಮಾ, ನಮಗ ಗ್ಲಾಸ್ ಇಲ್ಲೇನು?"

"ಅವು ತೊಳೆದಿಲ್ರಿ ಕಾಕಾ. ಪೇಪರ್ ಕಪ್ಪು ಬಾಳ ಸ್ವಚ್ಛ ಇರ್ತದ್ರಿ. ಸಿಟ್ಯಾಗೆಲ್ಲ ಇದರಾಗs ಕುಡಿತಾರ."

ಹಕ್ಕಿ ನೋಡಲು ಬಂದ ಪರ ಊರಿನವರ ಕೈಯಲ್ಲೂ ಕಾಗದದ ಕಪ್ಪೇ ಇತ್ತು. ಏನೆಂದು ಜಗಳ ತೆಗೆಯುವುದು? ಲಾಲಪ್ಪ ಮೊಣಕೈಯಿಂದ ತಿವಿದ. "ಸುಮ್ನ ಕುಡಿ ಭಾವಾ. ದಿನಾ ಹಿಂಗs. ರೀ ಹಚ್ಚಿ ಕೊಡ್ತಾನ, ಇನ್ನೇನ್ ಬೇಕು?" ಲಾಲಪ್ಪ ತನ್ನದನ್ನು ಕುಡಿದ, ಕಪ್ಪು ಮುದುರಿ ಒಗೆದ. ಹೋಟೆಲಿನ ಹಿಂದೆ ಅಂಥ ಕಪ್ಪುಗಳ ಗುಡ್ಡೆಗೆ ಬೆಂಕಿ ಹಾಕಿದ್ದರು. ಹೊಗೆ ಕೆರೆಯ ಮೇಲೆ ಹೋಗುತ್ತಿತ್ತು.

ಮರಿಲಿಂಗ ತನ್ನ ಕಪ್ಪು ಒಗೆಯಲಿಲ್ಲ. ಉಳಿದ ಗುಟುಕು ಚೆಲ್ಲಿ, ಬಸ್ಸಿನಲ್ಲಿ ಕೈಯಲ್ಲೇ ಹಿಡಿದುಕೊಂಡು ರಂಗಂಪೇಟೆಗೆ ತಂದ. ಬಹಳ ದಿನದ ಮೇಲೆ ಟ್ರಂಕು ತೆರೆದು, ಗುರಪ್ಪನ ಬಟ್ಟಲು ಇರುತ್ತಿದ್ದ ಜಾಗದಲ್ಲಿ ಅದನ್ನು ಇಟ್ಟ. ಅಯ್ಯಮ್ಮ ನೋಡಿದಳು. ಈ ಸಲ ಬೈಯಲಿಲ್ಲ.

ನಾಲ್ಕು ದಿನ ಬಿಟ್ಟು ತೆಗೆದರೆ, ತಳದಲ್ಲಿ ಉಳಿದ ಸಿಹಿಗೆ ಇರುವೆ ಮುತ್ತಿ, ಕಪ್ಪು ನೆನೆದು ಒಂದು ಕಡೆ ಕುಸಿದಿತ್ತು. ಎತ್ತಲು ಹೋದ, ತಳ ಕಳಚಿ ಕೈಗೆ ಬಂತು. ಎರಡನ್ನೂ ಆಡುಗಳ ಮುಂದೆ ಒಗೆದ. ಒಂದು ಆಡು ಮೂಸಿ ನೋಡಿ ತಿಂದಿತು.